ಕಾರ್ಖಾನೆ ಬಂದರೆ ಸಾಲದು, ಕಸುಬು ಬಲ್ಲವರೂ ಬರಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಬೆಂಗಳೂರಿನ ಆಚೆಗೂ ಕೈಗಾರಿಕೆ ಬೆಳೆಯಬೇಕು ಎಂಬ ಮಾತನ್ನು ಬಂದ ಸರ್ಕಾರಗಳೆಲ್ಲವೂ ಆಡಿವೆ. 2025ರ ಫೆಬ್ರುವರಿಯಲ್ಲಿ ಪ್ರಕಟವಾದ ರಾಜ್ಯದ ಕೈಗಾರಿಕಾ ನೀತಿಯೂ ಅದನ್ನೇ ಹೇಳುತ್ತದೆ: ಐದು ವರ್ಷಗಳಲ್ಲಿ ಏಳೂವರೆ ಲಕ್ಷ ಕೋಟಿ ರೂಪಾಯಿ ಹೂಡಿಕೆ, 20 ಲಕ್ಷ ಉದ್ಯೋಗ, ಹಿಂದುಳಿದ ತಾಲ್ಲೂಕುಗಳಿಗೆ ಹೆಚ್ಚಿನ ರಿಯಾಯಿತಿ. ಹುಬ್ಬಳ್ಳಿಯ ವಾಲ್ವ್ ತಯಾರಿಕಾ ಘಟಕವೊಂದರಲ್ಲಿ ಮೇಲ್ವಿಚಾರಕನಾಗಿದ್ದು ನಿವೃತ್ತನಾದ ನನಗೆ ಈ ಗುರಿಗಳ ಬಗ್ಗೆ ತಕರಾರಿಲ್ಲ. ಆದರೆ ಜಮೀನು, ನೀರು, ವಿದ್ಯುತ್, ಬಂಡವಾಳದ ಸಬ್ಸಿಡಿ ಇವುಗಳ ಲೆಕ್ಕವನ್ನು ಇಷ್ಟು ಮುತುವರ್ಜಿಯಿಂದ ಹಾಕುವ ನಾವು, ಆ ಕಸುಬು ಬಲ್ಲ ಜನ ಹೊಸ ಊರಿಗೆ ಹೇಗೆ ಬಂದಾರು, ಬಂದವರು ಒಂದು ಕಾರ್ಖಾನೆಯಿಂದ ಇನ್ನೊಂದಕ್ಕೆ ಹೋಗಬಯಸಿದರೆ ಅವರನ್ನು ತಡೆಯುವುದು ಏನು ಎಂಬ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಯಾವುದೇ ಸೀಮೆಯಲ್ಲಿ ಹೊಸ ಉದ್ಯಮ ನೆಲೆ ನಿಲ್ಲುತ್ತದೆಯೋ ಇಲ್ಲವೋ ಎಂಬುದು ಬಹುಪಾಲು ಇದೇ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ ಎಂಬುದು ನನ್ನ ದೃಢ ಅಭಿಪ್ರಾಯ.

ಯಂತ್ರವನ್ನು ದುಡ್ಡು ಕೊಟ್ಟು ತರಿಸಬಹುದು, ನಕ್ಷೆಯನ್ನೂ ತರಿಸಬಹುದು. ಅದರ ಮುಂದಿನ ಕೆಲಸ ಕೈಯದು. ನಮ್ಮ ಕಸುಬಿನದೇ ಒಂದು ಉದಾಹರಣೆ ಕೊಡುತ್ತೇನೆ. ಗೇಟ್ ವಾಲ್ವಿನೊಳಗೆ ಹರಿವನ್ನು ತಡೆಯುವ ಬೆಣೆಯಾಕಾರದ ವೆಜ್ ಮತ್ತು ಅದು ಕೂರುವ ಸೀಟ್ ರಿಂಗ್ ಎರಡೂ ಯಂತ್ರದ ಮೇಲೆ ಎಷ್ಟೇ ನುಣುಪಾಗಿ ಬಂದಿದ್ದರೂ ಕೊನೆಯಲ್ಲಿ ಕೈಯಿಂದ ಉಜ್ಜಿ ನಯಗೊಳಿಸುವ ಲ್ಯಾಪಿಂಗ್ ಮಾಡಲೇಬೇಕು. ಕಬ್ಬಿಣದ ಸಮತಲ ಫಲಕಕ್ಕೆ ಪೇಸ್ಟ್ ಸವರಿ, ವೆಜ್ಜನ್ನು ಅದರ ಮೇಲಿಟ್ಟು ಎಂಟರ ಆಕಾರದಲ್ಲಿ ಆಡಿಸುತ್ತಾ ಹೋಗಬೇಕು. ಅಂಗೈಯ ಭಾರ ಒಂದು ಕಡೆಗೆ ತುಸು ಹೆಚ್ಚಾದರೂ ಅಂಚು ದುಂಡಗಾಗಿ ಇಡೀ ತುಂಡು ಕೆಡುತ್ತದೆ. ಆಮೇಲೆ ತೆಳ್ಳಗೆ ನೀಲಿ ಹಚ್ಚಿ ಎರಡನ್ನೂ ಕೂಡಿಸಿ ಬಿಡಿಸಿ ನೋಡಿದರೆ ಆ ನೀಲಿ ಎಲ್ಲಿಯೂ ಕಡಿಯದ ಬಳೆಯಂತೆ ಸುತ್ತಲೂ ಮೂಡಿರಬೇಕು. ಒಂದೆಡೆ ಕಡಿದಿದ್ದರೆ, ನೀರಿನ ಒತ್ತಡ ಹಾಕಿ ನೋಡುವ ಹೈಡ್ರೋ ಟೆಸ್ಟಿನಲ್ಲಿ ಅಲ್ಲಿಂದಲೇ ನೀರು ಜಿನುಗುತ್ತದೆ. ನಮ್ಮ ಘಟಕದಲ್ಲಿ ಹುಡುಗರಿಗೆ ಈ ಕೆಲಸದ ಕೈಪಿಡಿಯನ್ನು ಓದಲು ಕೊಟ್ಟಿದ್ದರು, ಐಟಿಐಯಲ್ಲಿ ಪಾಠವೂ ಆಗಿತ್ತು. ಆದರೂ ತಿರಸ್ಕೃತ ತುಂಡುಗಳ ರಾಶಿ ಕರಗಿದ್ದು ಬೆಂಗಳೂರಿನ ಪೀಣ್ಯದಲ್ಲಿ ಹಲವು ಕಡೆ ದುಡಿದಿದ್ದ ಫಿಟ್ಟರ್ ಒಬ್ಬರು ಊರಿನ ಮನೆಯವರ ಸಲುವಾಗಿ ಹುಬ್ಬಳ್ಳಿಗೆ ಮರಳಿ ಬಂದು ನಮ್ಮಲ್ಲಿ ಸೇರಿಕೊಂಡ ಮೇಲೆಯೇ. ಅವರು ಹುಡುಗರ ಕೈಯ ಮೇಲೆ ತಮ್ಮ ಕೈಯಿಟ್ಟು ಭಾರ ಎಷ್ಟಿರಬೇಕೆಂದು ತೋರಿಸಿದರು. ಅವರ ಬಳಿ ಕಲಿತವರಲ್ಲಿ ಕೆಲವರು ಮುಂದೆ ತಾರಿಹಾಳದ, ಗೋಕುಲ ರಸ್ತೆಯ ಬೇರೆ ಘಟಕಗಳಿಗೆ ಹೋದರು, ಒಬ್ಬರು ಸ್ವಂತ ಶೆಡ್ ಹಾಕಿಕೊಂಡು ಜಾಬ್ ವರ್ಕ್ ಹಿಡಿದರು. ಹೋದಾಗ ನಮ್ಮ ಮಾಲೀಕರು ಬೇಸರಪಟ್ಟುಕೊಂಡದ್ದು ಸಹಜ. ಆದರೆ ಊರಿನ ಲೆಕ್ಕದಲ್ಲಿ ನೋಡಿದರೆ ಒಂದು ಮೇಜಿನ ಮೇಲಿದ್ದ ವಿದ್ಯೆ ಹತ್ತು ಮೇಜುಗಳಿಗೆ ಹರಡಿತ್ತು.

ಇದು ಹುಬ್ಬಳ್ಳಿಯೊಂದರ ಕಥೆಯಲ್ಲ. ಕರಾವಳಿಯ ಹಂಚಿನ ಉದ್ಯಮವನ್ನು ನೋಡಬಹುದು. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಮೂರೇ ವರ್ಷಗಳಲ್ಲಿ, 1868ರಲ್ಲಿ, ಆಲ್ಬುಕರ್ಕ್ ಕುಟುಂಬದ ಕಾರ್ಖಾನೆ ಅದೇ ಸೀಮೆಯಲ್ಲಿ ಶುರುವಾಯಿತು. ನೇತ್ರಾವತಿ ಮತ್ತು ಗುರುಪುರ ನದಿಗಳ ದಂಡೆಯ ಜೇಡಿಮಣ್ಣು ಪ್ಲೆಬ್ಸ್ಟ್ ಬರುವುದಕ್ಕೆ ಮೊದಲೂ ಅಲ್ಲಿಯೇ ಇತ್ತು. ಆ ಮಣ್ಣನ್ನು ಎಷ್ಟು ಹದ ಮಾಡಬೇಕು, ಒತ್ತಿದ ಹಂಚು ಸೀಳದಂತೆ ಹೇಗೆ ಒಣಗಿಸಬೇಕು, ಭಟ್ಟಿಯ ಬೆಂಕಿಯ ಬಣ್ಣ ನೋಡಿ ಸೌದೆ ಹಾಕುವುದನ್ನು ಯಾವಾಗ ನಿಲ್ಲಿಸಬೇಕು ಎಂದು ಬಲ್ಲವರು ಮಾತ್ರ ಇರಲಿಲ್ಲ. ಒಂದು ಕಾರ್ಖಾನೆ ಅಂಥವರನ್ನು ತಯಾರು ಮಾಡಿದ ಮೇಲೆ ಉಳಿದವು ಅದರ ಬೆನ್ನಿಗೇ ಬಂದವು. ಮಲ್ಪೆ, ಕೋಝಿಕ್ಕೋಡ್, ಪಾಲಕ್ಕಾಡ್, ಫರೋಕ್‌ಗಳವರೆಗೆ ಹಬ್ಬಿದ ಆ ಉದ್ಯಮದ ಹೆಸರು ಕೊನೆಯವರೆಗೂ ‘ಮಂಗಳೂರು ಹಂಚು’ ಎಂದೇ ಉಳಿಯಿತು.

ಇದಕ್ಕಿಂತಲೂ ಸ್ಪಷ್ಟವಾದ ಉದಾಹರಣೆ ನೆರೆಯ ಬಾಂಗ್ಲಾದೇಶದ್ದು. ಇಂದು ಸಿದ್ಧ ಉಡುಪಿನ ರಫ್ತಿನಲ್ಲಿ ಜಗತ್ತಿನ ಮುಂಚೂಣಿಯಲ್ಲಿರುವ ಆ ದೇಶದಲ್ಲಿ ಎಪ್ಪತ್ತರ ದಶಕದ ಕೊನೆಯವರೆಗೆ ಆ ಉದ್ಯಮ ಇತ್ತೆಂದು ಹೇಳುವುದೇ ಕಷ್ಟ. ನೂರುಲ್ ಕಾದರ್ ಖಾನ್ ಎಂಬುವರು ಕಟ್ಟಿದ ದೇಶ್ ಗಾರ್ಮೆಂಟ್ಸ್ ಸಂಸ್ಥೆ ದಕ್ಷಿಣ ಕೊರಿಯಾದ ದೇವೂ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡು 1979ರಲ್ಲಿ ಸುಮಾರು 130 ಮಂದಿಯನ್ನು ಬೂಸಾನ್ ನಗರದ ಕಾರ್ಖಾನೆಗೆ ಆರು ತಿಂಗಳ ತರಬೇತಿಗೆ ಕಳುಹಿಸಿತು. ಅವರು ಮರಳಿ ಬಂದು 1980ರಲ್ಲಿ ಉತ್ಪಾದನೆ ಆರಂಭಿಸಿದರು. ಆ ದಶಕ ಮುಗಿಯುವುದರೊಳಗೆ ಆ 130 ಜನರಲ್ಲಿ 115 ಮಂದಿ ದೇಶ್ ಸಂಸ್ಥೆಯನ್ನು ಬಿಟ್ಟಿದ್ದರು. ಕೆಲವರು ಸ್ವಂತ ಕಾರ್ಖಾನೆ ತೆರೆದರು, ಕೆಲವರು ಇತರರು ತೆರೆದ ಕಾರ್ಖಾನೆಗಳನ್ನು ನಡೆಸಲು ಹೋದರು. ಹೊಲಿಗೆಯನ್ನಷ್ಟೇ ಅಲ್ಲ, ಒಂದು ಅಂಗಿಯ ಕೆಲಸವನ್ನು ಸಾಲಿನಲ್ಲಿ ಕೂತವರಿಗೆ ಹೇಗೆ ಹಂಚಬೇಕು, ಹೊರದೇಶದ ಖರೀದಿದಾರ ಒಪ್ಪುವ ಗುಣಮಟ್ಟ ಯಾವುದು, ಬ್ಯಾಂಕಿನ ಸಾಲಪತ್ರವನ್ನು ತೋರಿಸಿ ಬಟ್ಟೆಯನ್ನು ಹೇಗೆ ತರಿಸಿಕೊಳ್ಳಬೇಕು ಎಂಬುದನ್ನೆಲ್ಲ ಅವರು ತಮ್ಮೊಡನೆ ಕೊಂಡೊಯ್ದರು. ಆ 115 ಜನರ ಕಾಲಿಗೆ ಯಾರಾದರೂ ಕಟ್ಟು ಹಾಕಿದ್ದರೆ ಬಾಂಗ್ಲಾದೇಶಕ್ಕೆ ಒಂದು ಒಳ್ಳೆಯ ಕಾರ್ಖಾನೆ ದಕ್ಕುತ್ತಿತ್ತು, ಒಂದು ಉದ್ಯಮ ದಕ್ಕುತ್ತಿರಲಿಲ್ಲ.

ಬೆಂಗಳೂರೂ ಬೆಳೆದದ್ದು ಹೀಗೆಯೇ ಎಂಬುದನ್ನು ನಾವು ಮರೆತಂತಿದೆ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸಂಸ್ಥಾನ ಕೂಡಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದಾಗ ಆರಂಭದ ತಂತ್ರಜ್ಞರು ಅಮೆರಿಕದಿಂದ ಬಂದವರು. ಅನಂತರ 1948ರಲ್ಲಿ ದೂರವಾಣಿ ಉಪಕರಣ ತಯಾರಿಸುವ ಐಟಿಐ ಕಾರ್ಖಾನೆ, 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಲ್ಲಿ ಯಂತ್ರೋಪಕರಣ ತಯಾರಿಸುವ ಎಚ್‌ಎಂಟಿ, 1954ರಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳ ಬಿಇಎಲ್ ಬಂದವು. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಸ್ಥಾಪನೆಯಾದ ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರ ಡೈ, ಮೋಲ್ಡ್ ಎಂಬ ಅಚ್ಚುಗಳನ್ನು ಮಾಡಬಲ್ಲ ಹುಡುಗರನ್ನು ವರ್ಷವರ್ಷವೂ ಹೊರತಂದಿತು. ಪೀಣ್ಯದ ಸಣ್ಣ ವರ್ಕ್‌ಶಾಪುಗಳಲ್ಲಿ ಹೋಗಿ ಯಜಮಾನರನ್ನು ವಿಚಾರಿಸಿದರೆ, ಸಾರ್ವಜನಿಕ ವಲಯದ ಯಾವುದಾದರೊಂದು ಟೂಲ್ ರೂಮಿನಲ್ಲಿ ಕಲಿತವರೋ ಅಂಥವರ ಕೈಕೆಳಗೆ ಪಳಗಿದವರೋ ಆಗಿರುವುದು ಈಗಲೂ ಸಾಮಾನ್ಯ ಸಂಗತಿ. ಕೈಗಡಿಯಾರದ ವಿಷಯದಲ್ಲಂತೂ ಈ ಸರಪಳಿ ಕಣ್ಣಿಗೆ ಕಾಣುವಂತಿದೆ. ಜಪಾನಿನ ಸಿಟಿಜನ್ ಕಂಪನಿಯಿಂದ ವಿದ್ಯೆ ಪಡೆದು 1961ರಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲಿ ಗಡಿಯಾರದ ಕಾರ್ಖಾನೆ ಸ್ಥಾಪಿಸಿತು. 1984ರಲ್ಲಿ ಹುಟ್ಟಿದ ಟೈಟಾನ್, ಬೆಂಗಳೂರಿನಿಂದ ಕೂಗಳತೆಯಲ್ಲಿರುವ ಹೊಸೂರಿನಲ್ಲಿ ಕಾರ್ಖಾನೆ ತೆರೆದಾಗ ಅದರ ಆರಂಭದ ತಂಡದಲ್ಲಿ ಎಚ್‌ಎಂಟಿಯಲ್ಲಿ ಪಳಗಿದವರಿದ್ದರು. ಅವರ ಜತೆಗೆ ಸುತ್ತಲ ಜಿಲ್ಲೆಗಳಲ್ಲಿ ಶಾಲೆ ಮುಗಿಸಿದ ಹುಡುಗ ಹುಡುಗಿಯರನ್ನು ಆರಿಸಿ ಕೂಡಿಸಲಾಯಿತು. ಎಚ್‌ಎಂಟಿಯ ಗಡಿಯಾರ ಘಟಕಗಳು ಮುಚ್ಚಿಹೋದದ್ದು ನೋವಿನ ಸಂಗತಿಯೇ, ಆದರೆ ಅದು ಕಲಿಸಿದ ಕಸುಬು ಮಾತ್ರ ಅದರೊಂದಿಗೆ ಮಣ್ಣಾಗಲಿಲ್ಲ. ಮುಂದೆ ಸಾಫ್ಟ್‌ವೇರಿನಲ್ಲಿಯೂ ಇದೇ ನಡೆಯಿತು. ಪಟ್ನಿ ಕಂಪ್ಯೂಟರ್ಸ್ ಬಿಟ್ಟ ಏಳು ಮಂದಿ 1981ರಲ್ಲಿ ಪುಣೆಯಲ್ಲಿ ಇನ್ಫೊಸಿಸ್ ಕಟ್ಟಿ 1983ರಲ್ಲಿ ಬೆಂಗಳೂರಿಗೆ ಬಂದರು. ವಿಪ್ರೊ ಬಿಟ್ಟವರೂ ಬೇರೆ ಕಂಪನಿಗಳಿಂದ ಬಂದವರೂ ಸೇರಿ 1999ರಲ್ಲಿ ಮೈಂಡ್‌ಟ್ರೀ ಕಟ್ಟಿದರು. ಅಮೆಜಾನ್ ಬಿಟ್ಟ ಇಬ್ಬರು 2007ರಲ್ಲಿ ಫ್ಲಿಪ್‌ಕಾರ್ಟ್ ಆರಂಭಿಸಿದರೆ, ಅಲ್ಲಿಂದ ಹೊರಬಂದವರು ಫೋನ್‌ಪೇ ಮೊದಲಾದ ಹಲವು ಕಂಪನಿಗಳನ್ನು ಇದೇ ನಗರದಲ್ಲಿ ಹುಟ್ಟುಹಾಕಿದರು.

ಇಲ್ಲಿ ಕಾನೂನಿನ ಒಂದು ಸಂಗತಿಯನ್ನು ಹೇಳಲೇಬೇಕು. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ, ಒಬ್ಬ ಮನುಷ್ಯ ನ್ಯಾಯಬದ್ಧ ಕಸುಬನ್ನು ಮಾಡದಂತೆ ತಡೆಯುವ ಕರಾರು ಅಷ್ಟರ ಮಟ್ಟಿಗೆ ಅನೂರ್ಜಿತ ಎನ್ನುತ್ತದೆ. ನ್ಯೂಯಾರ್ಕಿಗಾಗಿ ಡೇವಿಡ್ ಡಡ್ಲಿ ಫೀಲ್ಡ್ ಎಂಬ ವಕೀಲರು ಬರೆದಿದ್ದ ಕರಡು ಸಂಹಿತೆಯಿಂದ ಆ ಕಲಮನ್ನು ತೆಗೆದುಕೊಳ್ಳಲಾಯಿತು. ನ್ಯೂಯಾರ್ಕ್ ಅದನ್ನು ಒಪ್ಪಲಿಲ್ಲ. ಅದೇ ಕರಡಿನ ಅದೇ ನಿಯಮವನ್ನು ಅದೇ 1872ರಲ್ಲಿ ಒಪ್ಪಿಕೊಂಡ ಇನ್ನೊಂದು ನಾಡು ಕ್ಯಾಲಿಫೋರ್ನಿಯಾ. 1957ರಲ್ಲಿ ಟ್ರಾನ್ಸಿಸ್ಟರ್ ವಿಜ್ಞಾನಿ ಶಾಕ್ಲಿಯ ಪ್ರಯೋಗಾಲಯವನ್ನು ಬಿಟ್ಟ ಎಂಟು ಮಂದಿ ಫೇರ್‌ಚೈಲ್ಡ್ ಕಂಪನಿಯನ್ನು, ಅವರಲ್ಲಿಯೇ ಇಬ್ಬರು 1968ರಲ್ಲಿ ಇಂಟೆಲ್ ಕಂಪನಿಯನ್ನು ಆ ನೆಲದಲ್ಲಿ ಕಟ್ಟಿದರು. ಸಿಲಿಕಾನ್ ವ್ಯಾಲಿ ಹುಟ್ಟಲು ಈ ನಿಯಮ ಒಂದೇ ಕಾರಣವೆಂದು ನಾನು ಹೇಳುವುದಿಲ್ಲ, ವಿಶ್ವವಿದ್ಯಾಲಯವೂ ಸೇನೆಯ ಖರೀದಿಯೂ ಜತೆಗಿದ್ದವು. ಆದರೆ ಕೆಲಸ ಬಿಟ್ಟ ಎಂಜಿನಿಯರನು ಎದುರು ಬೀದಿಯ ಕಂಪನಿ ಸೇರುವುದನ್ನು ಅಲ್ಲಿ ಯಾರಿಗೂ ತಡೆಯಲಾಗುತ್ತಿರಲಿಲ್ಲ ಎಂಬುದು ಸಣ್ಣ ಸಂಗತಿಯಲ್ಲ. ಕೆಲಸ ಬಿಟ್ಟ ಮೇಲೂ ಅನ್ವಯಿಸುವ ನಿರ್ಬಂಧ ನಮ್ಮಲ್ಲಿ ಊರ್ಜಿತವಲ್ಲ ಎಂಬ ನಿಲುವನ್ನು ಸುಪ್ರೀಂ ಕೋರ್ಟು 2006ರಲ್ಲಿಯೂ ಪುನರುಚ್ಚರಿಸಿದೆ. ಇಂಥ ಉದಾರ ಕಾನೂನು ಒಂದೂವರೆ ಶತಮಾನದಿಂದ ಕೈಯಲ್ಲಿದ್ದರೂ ಶಾಪ್ ಫ್ಲೋರಿನಲ್ಲಿ ನಡೆಯುತ್ತಿರುವುದು ಬೇರೆಯೇ.

ನನ್ನ ಪರಿಚಯದ ಕುಟುಂಬವೊಂದರ ಹುಡುಗ ಡಿಪ್ಲೊಮಾ ಮುಗಿಸಿ ಒಂದು ಕಾರ್ಖಾನೆ ಸೇರಿದಾಗ ಇಂತಿಷ್ಟು ಕಾಲ ಕೆಲಸ ಬಿಡುವುದಿಲ್ಲವೆಂಬ ಬಾಂಡ್ ಬರೆಸಿಕೊಂಡದ್ದಲ್ಲದೆ ಮೂಲ ಅಂಕಪಟ್ಟಿಗಳನ್ನೂ ಅಲ್ಲಿಯೇ ಇಟ್ಟುಕೊಂಡರು. ಮುಂದೆ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಹೊಸ ಘಟಕವೊಂದು ಸಿಎನ್‌ಸಿ ಯಂತ್ರದ ಮೇಲೆ ಅವನ ಕೆಲಸ ನೋಡಿ ಕರೆಯಿತು. ಹಳೆಯ ಕಾರ್ಖಾನೆಯವರು ಅಂಕಪಟ್ಟಿಯನ್ನೂ ಕೊಡಲಿಲ್ಲ, ರಿಲೀವಿಂಗ್ ಪತ್ರವನ್ನೂ ಕೊಡಲಿಲ್ಲ. ಅವನ ತಂದೆ ಕಚೇರಿಗೆ ಅಲೆದಲೆದು ಕೊನೆಗೆ ಕೇಳಿದಷ್ಟು ಹಣ ಕಟ್ಟಿ ಅಂಕಪಟ್ಟಿ ಬಿಡಿಸಿಕೊಳ್ಳುವ ಹೊತ್ತಿಗೆ ಆ ಜಾಗ ಬೇರೆಯವರಿಗೆ ಹೋಗಿತ್ತು. ಹುಡುಗ ಪುಣೆಯ ಚಾಕಣಕ್ಕೆ ಹೋದ. ಧಾರವಾಡಕ್ಕೆ ಒಬ್ಬ ನುರಿತ ಮಷಿನಿಸ್ಟ್ ತಪ್ಪಿದ್ದಕ್ಕೆ ಜಮೀನಿನ ಕೊರತೆಯೂ ಕಾರಣವಲ್ಲ, ಸಬ್ಸಿಡಿಯ ಕೊರತೆಯೂ ಅಲ್ಲ. ಮೂಲ ಪ್ರಮಾಣಪತ್ರಗಳನ್ನು ಒತ್ತೆಯಿಟ್ಟುಕೊಳ್ಳುವ ಅಧಿಕಾರವನ್ನು ಯಾವ ಕಾರ್ಮಿಕ ಕಾನೂನೂ ಮಾಲೀಕನಿಗೆ ಕೊಟ್ಟಿಲ್ಲ, ಆದರೂ ಈ ಪದ್ಧತಿ ಸಣ್ಣ ಘಟಕಗಳಲ್ಲಿ ರಾಜಾರೋಷವಾಗಿ ನಡೆದಿದೆ.

ಮಾಲೀಕರ ಕಷ್ಟ ನನಗೆ ತಿಳಿಯದ್ದಲ್ಲ, ಅವರ ಪಕ್ಕದಲ್ಲಿ ಕೂತೇ ನಾನು ಉತ್ಪಾದನೆಯ ಲೆಕ್ಕ ಬರೆದವನು. ಹೊಸಬನೊಬ್ಬ ಕೆಲಸ ಕಲಿಯುವಷ್ಟು ಕಾಲ ಸಂಬಳ ಕೊಡಬೇಕು, ಅವನು ಕೆಡಿಸಿದ ಮಾಲಿನ ನಷ್ಟ ಹೊರಬೇಕು, ಕಲಿಸುವವನ ಸಮಯವೂ ಹೋಗುತ್ತದೆ. ಇಷ್ಟಾದ ಮೇಲೆ ಪಕ್ಕದ ಶೆಡ್ಡಿನವನು ಸಾವಿರ ರೂಪಾಯಿ ಹೆಚ್ಚು ಕೊಟ್ಟು ಕರೆದುಕೊಂಡು ಹೋದರೆ ಹೊಟ್ಟೆ ಉರಿಯದಿರುತ್ತದೆಯೇ? 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮೊದಲೇ ಬಿಟ್ಟುಹೋಗುವ ಅಧಿಕಾರಿ ಎರಡು ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಎತ್ತಿಹಿಡಿದದ್ದೂ ನೇಮಕಾತಿಯ ಇಂಥ ಖರ್ಚನ್ನು ಗಮನದಲ್ಲಿಟ್ಟುಕೊಂಡೇ. ಆದರೆ ಬ್ಯಾಂಕಿನ ಹಿರಿಯ ಅಧಿಕಾರಿಗೆ ಭಾರವಲ್ಲದ ಷರತ್ತು, ತಿಂಗಳಿಗೆ ಹದಿನೈದು ಸಾವಿರ ಕೈಗೆ ಬರುವ ಐಟಿಐ ಹುಡುಗನ ಪಾಲಿಗೆ ಬೇಡಿಯಾಗುತ್ತದೆ. ಕಲಿಸಿದ ಕಾರ್ಖಾನೆಗೆ ಆಗುವುದು ನಿಜವಾದ ನಷ್ಟ, ಕಲಿತವನು ಹೋದ ಸೀಮೆಗೆ ಆಗುವುದೂ ನಿಜವಾದ ಲಾಭ. ಹಾಗಿರುವಾಗ ಆ ನಷ್ಟವನ್ನು ಸೀಮೆಯ ಪರವಾಗಿ ಸರ್ಕಾರ ತುಂಬಿಕೊಡುವುದೇ ನ್ಯಾಯ. ಅಪ್ರೆಂಟಿಸರ ಭತ್ಯೆಯಲ್ಲಿ ಒಂದು ಪಾಲನ್ನು ಕೇಂದ್ರ ಸರ್ಕಾರ ಈಗಾಗಲೇ ಭರಿಸುತ್ತಿದೆ. ಅದನ್ನೇ ಒಂದು ಹೆಜ್ಜೆ ಮುಂದೊಯ್ದು, ಬೆಂಗಳೂರಿನ ಹೊರಗಿನ ಘಟಕವೊಂದರಲ್ಲಿ ತರಬೇತಾದವನು ಅದೇ ಜಿಲ್ಲೆಯ ಬೇರೆ ಘಟಕ ಸೇರಿದರೆ ಅಥವಾ ಅಲ್ಲಿಯೇ ಸ್ವಂತ ಘಟಕ ತೆರೆದರೆ, ಕಲಿಸಿದ ಘಟಕಕ್ಕೆ ತರಬೇತಿಯ ವೆಚ್ಚದ ಒಂದು ಭಾಗವನ್ನು ರಾಜ್ಯ ಸರ್ಕಾರ ಮರಳಿ ಕೊಡಲಿ. ಬಂಡವಾಳದ ಸಬ್ಸಿಡಿಗೆಂದು ಎತ್ತಿಡುವ ಮೊತ್ತದ ಮುಂದೆ ಇದೊಂದು ದೊಡ್ಡ ಖರ್ಚಾಗಲಾರದು.

ಗ್ರಾಚ್ಯುಟಿಯ ನಿಯಮವೂ ಮರುಪರಿಶೀಲನೆಗೆ ಅರ್ಹ. ಕಾಯಂ ನೌಕರನು ಐದು ವರ್ಷ ತುಂಬುವ ಮೊದಲು ಬಿಟ್ಟರೆ ಅವನಿಗೆ ಏನೂ ಇಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಹೊಸ ಕಾರ್ಮಿಕ ಸಂಹಿತೆಗಳು ನಿಶ್ಚಿತ ಅವಧಿಯ ನೌಕರರಿಗೆ ಒಂದು ವರ್ಷಕ್ಕೇ ಈ ಹಕ್ಕು ಕೊಟ್ಟಿವೆ. ಅದೇ ಸೌಲಭ್ಯ ಕಾಯಂ ನೌಕರರಿಗೂ ದೊರೆತರೆ ನಾಲ್ಕನೆಯ ವರ್ಷದಲ್ಲಿ ಒಳ್ಳೆಯ ಅವಕಾಶ ಬಂದವನು ಕೈಕಟ್ಟಿ ಕೂರಬೇಕಾಗಿಲ್ಲ. ಭವಿಷ್ಯನಿಧಿಯಲ್ಲಿ 2014ರಿಂದ ಒಂದೇ ಖಾತೆ ಸಂಖ್ಯೆ ಬಂದು ಇಂಥದೊಂದು ತೊಡಕು ಬಹುಮಟ್ಟಿಗೆ ಬಗೆಹರಿದಿರುವುದನ್ನು ನಾವು ಕಂಡಿದ್ದೇವೆ.

ಕೆಲಸಗಾರನಿಗೆ ಹೋಗಲು ಸ್ವಾತಂತ್ರ್ಯವಿದ್ದರೆ ಸಾಲದು, ಹೋಗಲು ಜಾಗವೂ ಬೇಕು ಎಂಬುದಕ್ಕೆ ಹರಿಹರ ಸಾಕ್ಷಿ. 1941ರಲ್ಲಿ ಅಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಲೇತುಗಳಿಗೆ ದೇಶದಾದ್ಯಂತ ಹೆಸರಿತ್ತು. ಯಂತ್ರಪುರದ ಆ ಕಾರ್ಖಾನೆ ಕದ ಮುಚ್ಚಿದಾಗ ಅಲ್ಲಿನ ಫಿಟ್ಟರುಗಳಿಗೆ, ಟರ್ನರುಗಳಿಗೆ ತಮ್ಮ ಕಸುಬನ್ನೇ ಮುಂದುವರಿಸಲು ಊರಿನಲ್ಲಿ ಅದಕ್ಕೆ ಸಮನಾದ ಇನ್ನೊಂದು ಕಡೆ ಇರಲಿಲ್ಲ. ನದಿಯಾಚೆಯ ಕುಮಾರಪಟ್ಟಣದ ಕಾರ್ಖಾನೆಗಳದ್ದು ಪಲ್ಪು, ನಾರಿನ ಕೆಲಸ. ಲೇತಿನ ಹಾಸನ್ನು ಸ್ಕ್ರೇಪ್ ಮಾಡಬಲ್ಲ, ಅಂದರೆ ಕೆರೆದು ಸಮತಲಗೊಳಿಸಬಲ್ಲ ಕೈಗೆ ಅಲ್ಲಿ ಬೆಲೆ ಸಿಗುವುದಾದರೂ ಹೇಗೆ? 2001ರ ಫೆಬ್ರುವರಿ ಕೊನೆಗೆ ಗಣಿ ಮುಚ್ಚಿದ ಕೆಜಿಎಫ್‌ನ ಪಾಡು ಇನ್ನೂ ಕಷ್ಟದ್ದು; ಅಲ್ಲಿನ ಜನ ಇಂದಿಗೂ ನಸುಕಿನ ರೈಲು ಹತ್ತಿ ಬೆಂಗಳೂರಿಗೆ ಬಂದು ರಾತ್ರಿ ಮನೆ ಸೇರುತ್ತಾರೆ, ಆ ಓಡಾಟದಿಂದ ಕೆಜಿಎಫ್‌ನಲ್ಲಿ ಹೊಸತೊಂದು ಉದ್ಯಮ ಹುಟ್ಟಲಿಲ್ಲ. ಇದಕ್ಕೆ ಪ್ರತಿಯಾಗಿ ಬೆಳಗಾವಿಯನ್ನು ನೋಡಿ. ಉದ್ಯಮಬಾಗಿನ ಫೌಂಡ್ರಿಗಳಲ್ಲೂ ವರ್ಕ್‌ಶಾಪುಗಳಲ್ಲೂ ಲೋಹದ ಕೆಲಸ ಬಲ್ಲವರು ತಲೆಮಾರುಗಳಿಂದ ಇದ್ದ ಆ ಸೀಮೆಯ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳ ತಯಾರಿಕೆ ನೆಲೆ ಕಂಡುಕೊಂಡಿತು. ಆದ್ದರಿಂದ ಪ್ರತಿ ತಾಲ್ಲೂಕಿಗೂ ಒಂದೊಂದು ದೊಡ್ಡ ಕಾರ್ಖಾನೆಯನ್ನು ಹಂಚುವ ನಮ್ಮ ಹಳೆಯ ಹಂಬಲವನ್ನು ಬಿಡಬೇಕು. ಒಂದೇ ಬಗೆಯ ಕಸುಬಿನ ಹತ್ತಾರು ಸಣ್ಣ, ದೊಡ್ಡ ಘಟಕಗಳು ಸೈಕಲ್ಲಿನ ಅಥವಾ ಬಸ್ಸಿನ ದೂರದಲ್ಲಿ ಒಟ್ಟಿಗಿದ್ದರೆ ಮಾತ್ರ ಒಂದು ಮುಚ್ಚಿದಾಗ ಅಲ್ಲಿನ ಕೈಗಳನ್ನು ಇನ್ನೊಂದು ಎತ್ತಿಕೊಳ್ಳುತ್ತದೆ. ಕೊಪ್ಪಳದ ಭಾನಾಪುರದ ಆಟಿಕೆ ಕ್ಲಸ್ಟರನ್ನು ಈ ದೃಷ್ಟಿಯಿಂದ ಬೆಳೆಸಬೇಕೆಂಬುದು ನನ್ನ ಆಸೆ.

ಈಗ ಸೂಕ್ಷ್ಮವಾದ ಮಾತಿಗೆ ಬರುತ್ತೇನೆ. 2024ರ ಜುಲೈನಲ್ಲಿ ಖಾಸಗಿ ಉದ್ದಿಮೆಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70ರಷ್ಟನ್ನು ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟು, ವಿರೋಧ ಬಂದ ಕೂಡಲೇ ತಡೆಹಿಡಿಯಿತು. ಹರಿಯಾಣದ ಶೇ 75ರ ಕಾಯ್ದೆಯನ್ನು ಅಲ್ಲಿನ ಹೈಕೋರ್ಟು 2023ರಲ್ಲಿಯೇ ರದ್ದುಪಡಿಸಿತ್ತು. ಕನ್ನಡಿಗರಿಗೆ ಕನ್ನಡದ ನೆಲದಲ್ಲಿ ಕೆಲಸ ಸಿಗಬೇಕೆಂಬ ಬೇಡಿಕೆ ಸರೋಜಿನಿ ಮಹಿಷಿ ವರದಿಯ ಕಾಲದಿಂದಲೂ ಇದೆ, ಅದು ನ್ಯಾಯವಾದದ್ದು, ನಾನೂ ಅದರ ಪರವೇ. ಆದರೆ ಹೊಸ ಉದ್ಯಮದ ಮೊದಲ ದಿನಗಳಲ್ಲಿ ಆ ಕಸುಬು ಬಲ್ಲವರು ಊರಿನಲ್ಲಿ ಇರುವುದಿಲ್ಲ, ಇದ್ದಿದ್ದರೆ ಅದು ಹೊಸ ಉದ್ಯಮವೇ ಆಗುತ್ತಿರಲಿಲ್ಲ. ಹಾಲು ಎಷ್ಟೇ ಇದ್ದರೂ ಹೆಪ್ಪು ಹಾಕದೆ ಮೊಸರಾಗುವುದಿಲ್ಲ. ಹೊರಗಿನಿಂದ ಬರುವ ಮೊದಲ ತಂಡ ಆ ಹೆಪ್ಪು. ಅವರ ಸಂಖ್ಯೆಗೆ ಮಿತಿ ಹಾಕುವ ಬದಲು ಅವರು ಕಲಿಸಿ ಹೋಗುವಂತೆ ಕರಾರು ಮಾಡುವುದು ಜಾಣತನ. ಹೊರಗಿನಿಂದ ಬಂದ ಪ್ರತಿ ತಂತ್ರಜ್ಞನ ಜತೆಗೆ ಸ್ಥಳೀಯರಿಬ್ಬರನ್ನು ನಿಲ್ಲಿಸಬೇಕು, ಇಷ್ಟು ತಿಂಗಳ ನಂತರ ಆ ಯಂತ್ರವನ್ನು ಇವರೇ ನಡೆಸಬೇಕು ಎಂಬ ಷರತ್ತನ್ನು ಸಬ್ಸಿಡಿಗೆ ಜೋಡಿಸಿದರೆ ಕೆಲಸವೂ ಉಳಿಯುತ್ತದೆ, ವಿದ್ಯೆಯೂ ಉಳಿಯುತ್ತದೆ.

ಕಲಿಸುವವರನ್ನು ಕಳೆದುಕೊಂಡರೆ ಏನಾಗುತ್ತದೆಂಬ ಎಚ್ಚರಿಕೆ ನಮಗೆ ಈಚೆಗಷ್ಟೇ ಸಿಕ್ಕಿದೆ. 2025ರ ಮಧ್ಯಭಾಗದಲ್ಲಿ ಫಾಕ್ಸ್‌ಕಾನ್ ಕಂಪನಿ ಭಾರತದ ತನ್ನ ಐಫೋನ್ ಕಾರ್ಖಾನೆಗಳಿಂದ 300ಕ್ಕೂ ಹೆಚ್ಚು ಚೀನೀ ಎಂಜಿನಿಯರುಗಳನ್ನು, ತಂತ್ರಜ್ಞರನ್ನು ವಾಪಸು ಕಳುಹಿಸಿದ ವರದಿಗಳು ಬಂದವು. ನಮ್ಮ ದೇವನಹಳ್ಳಿಯ ಬಳಿಯ ಹೊಸ ಕಾರ್ಖಾನೆ ಆಗಿನ್ನೂ ಮೇಲೇಳುತ್ತಿತ್ತು. ತಂತ್ರಜ್ಞಾನವನ್ನು ತನ್ನಲ್ಲಿಯೇ ಉಳಿಸಿಕೊಳ್ಳಬೇಕೆನ್ನುವ ಚೀನಾದಂಥ ದೇಶ ಮನುಷ್ಯರನ್ನು ತಡೆಯುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಬ್ರಿಟನ್ ಕೂಡ ತನ್ನ ಕುಶಲಕರ್ಮಿಗಳು ದೇಶ ಬಿಟ್ಟು ಹೋಗುವುದನ್ನು 1824ರವರೆಗೆ ನಿಷೇಧಿಸಿತ್ತು. ಆ ನಿಷೇಧವನ್ನು ತಪ್ಪಿಸಿಕೊಂಡು 1789ರಲ್ಲಿ ಅಮೆರಿಕ ತಲುಪಿದ ಸ್ಯಾಮ್ಯುಯೆಲ್ ಸ್ಲೇಟರ್ ಎಂಬ ಯುವಕ ನೂಲುವ ಯಂತ್ರದ ರಚನೆಯನ್ನು ತಲೆಯಲ್ಲಿಯೇ ಹೊತ್ತೊಯ್ದಿದ್ದ, ಅಮೆರಿಕದ ಹತ್ತಿ ಗಿರಣಿಗಳ ಇತಿಹಾಸ ಅವನಿಂದ ಶುರುವಾಗುತ್ತದೆ. ಬೇರೆ ದೇಶಗಳು ಇಷ್ಟು ಬೆಲೆಯುಳ್ಳದ್ದೆಂದು ಕಾವಲು ಕಾಯುವ ಸಂಪತ್ತನ್ನು ನಾವು ನಮ್ಮದೇ ಎರಡು ಶೆಡ್ಡುಗಳ ನಡುವೆ ಬಾಂಡ್ ಪತ್ರ ಹಿಡಿದು ತಡೆಯುತ್ತಿದ್ದೇವೆ.

ಹೊರಗಿನವರ ಮಾತಷ್ಟೇ ಅಲ್ಲ, ನಮ್ಮವರೇ ಹೊರಗಿದ್ದಾರೆ. ಪುಣೆ, ಗೋವಾ, ಹೊಸೂರು, ಮುಂಬೈಗಳ ಕಾರ್ಖಾನೆಗಳಲ್ಲಿ ಉತ್ತರ ಕರ್ನಾಟಕದ ಟರ್ನರುಗಳು, ವೆಲ್ಡರುಗಳು, ಮೋಲ್ಡರುಗಳು ಎಷ್ಟಿದ್ದಾರೆಂಬುದು ಹಬ್ಬದ ಮುಂಚಿನ ರಾತ್ರಿಗಳಲ್ಲಿ ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ನಿಂತರೆ ಗೊತ್ತಾಗುತ್ತದೆ. ಮರಳಿ ಬರುವ ಮನಸ್ಸಿದ್ದರೂ ಅವರು ಬರದಿರುವುದಕ್ಕೆ ಸಂಬಳದ ವ್ಯತ್ಯಾಸವೊಂದೇ ಕಾರಣವಲ್ಲ. ಕೈಗಾರಿಕಾ ಪ್ರದೇಶದ ಹತ್ತಿರ ಬಾಡಿಗೆ ಮನೆಯಿಲ್ಲ, ಎರಡನೇ ಶಿಫ್ಟ್ ಮುಗಿದ ಮೇಲೆ ಬಸ್ಸಿಲ್ಲ, ಮಕ್ಕಳನ್ನು ನಡುವರ್ಷದಲ್ಲಿ ಸೇರಿಸಿಕೊಳ್ಳುವ ಶಾಲೆಯಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಈ ಕೊರತೆ ಇನ್ನೂ ತೀವ್ರ. ಮೊಬೈಲ್ ಜೋಡಣೆಯಂಥ ಹೊಸ ಉದ್ಯಮಗಳಲ್ಲಿ ಯುವತಿಯರೇ ಹೆಚ್ಚು. ತಂದೆ ತಾಯಿ ಅವರನ್ನು ದೂರದ ಊರಿಗೆ ಕಳುಹಿಸುವುದು ಸುರಕ್ಷಿತವಾದ ಹಾಸ್ಟೆಲ್ ಇದ್ದರೆ ಮಾತ್ರ. ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಬಡಾವಣೆ ಮಾಡುವಾಗ ರಸ್ತೆ, ಚರಂಡಿಗೆ ಜಾಗ ಬಿಡುವಂತೆಯೇ ಬಾಡಿಗೆ ವಸತಿಗೂ ಹಾಸ್ಟೆಲಿಗೂ ಜಾಗ ಕಡ್ಡಾಯವಾಗಿ ಬಿಡಲಿ, ಅದನ್ನು ಘಟಕಗಳಿಗೆ ಜಮೀನು ಹಂಚುವ ಮೊದಲೇ ಕಟ್ಟಿ ಮುಗಿಸಲಿ.

ವಸತಿಗೆ ಹಣ ಬೇಕು, ತರಬೇತಿ ವೆಚ್ಚ ತುಂಬಿಕೊಡಲು ಬಜೆಟ್ಟಿನಲ್ಲಿ ಜಾಗ ಬೇಕು, ಗ್ರಾಚ್ಯುಟಿಯ ತಿದ್ದುಪಡಿ ದೆಹಲಿಯಲ್ಲಿ ಆಗಬೇಕು. ಇವೆಲ್ಲಕ್ಕೂ ಸಮಯ ಹಿಡಿಯುತ್ತದೆ ಎಂಬುದನ್ನು ಒಪ್ಪುತ್ತೇನೆ. ಅಂಕಪಟ್ಟಿಯ ವಿಷಯ ಹಾಗಲ್ಲ. ಜಿಲ್ಲಾ ಕೈಗಾರಿಕಾ ಕೇಂದ್ರಗಳು ಪ್ರೋತ್ಸಾಹಧನಕ್ಕಾಗಿ ಸ್ವೀಕರಿಸುವ ಅರ್ಜಿಯಲ್ಲಿಯೇ, ‘ನಮ್ಮ ಘಟಕವು ಯಾವ ನೌಕರನ ಮೂಲ ಪ್ರಮಾಣಪತ್ರವನ್ನೂ ಇಟ್ಟುಕೊಂಡಿಲ್ಲ, ರಾಜೀನಾಮೆ ಕೊಟ್ಟವರಿಗೆ ಹದಿನೈದು ದಿನಗಳೊಳಗೆ ರಿಲೀವಿಂಗ್ ಪತ್ರ ಕೊಡುತ್ತೇವೆ’ ಎಂಬ ಘೋಷಣೆಯನ್ನು ಸೇರಿಸಿ, ಸುಳ್ಳೆಂದು ಕಂಡುಬಂದರೆ ಕೊಟ್ಟ ಹಣವನ್ನು ಬಡ್ಡಿಸಮೇತ ವಸೂಲು ಮಾಡಬಹುದು. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ವಾಣಿಜ್ಯ ಮತ್ತು ಕೈಗಾರಿಕಾ ಇಲಾಖೆಯ ಒಂದು ಸುತ್ತೋಲೆ ಸಾಕು. ಸಂಬಂಧಪಟ್ಟ ಸಚಿವರು ಅದನ್ನು ಈ ಆರ್ಥಿಕ ವರ್ಷದೊಳಗೆ ಹೊರಡಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಉತ್ಪಾದನಾ ಮೇಲ್ವಿಚಾರಕ, ಹುಬ್ಬಳ್ಳಿ